ವಿಮಾನಕ್ಕೆ ಎರಡು ಪಕ್ಕ

ಕಳೆದ ವರ್ಷ ರಾಜ್ಯೋತ್ಸವದ ಅಂಗವಾಗಿ ನಮ್ಮ ಸಂಘದವರು ಮಕ್ಕಳ ಚಿತ್ರಪ್ರದರ್ಶನವೊಂದನ್ನು ಏರ್ಪಡಿಸಿದ್ದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ‘ನಾಡಿನ ವೀರರು’ ಎಂಬುದು ಅಂದಿನ ವಿಷಯ. ಕಿತ್ತೂರು ಚೆನ್ನಮ್ಮನ ಚಿತ್ರಗಳು ಏಳೆಂಟು, ಸಂಗೊಳ್ಳಿ ರಾಯಣ್ಣನವು ನಾಲ್ಕೈದು. ಒನಕೆ ಓಬವ್ವನಂತೂ ಗೋಡೆಯ ಒಂದು ಸಾಲನ್ನೇ ಹಿಡಿದು ನಿಂತಿದ್ದಳು. ಇವರೆಲ್ಲರ ನಡುವೆ ಒಂದು ವಿಮಾನ! ಅದನ್ನು ಬಿಡಿಸಿದವನು ಆಗ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ನಮ್ಮ ಮಗ. ಕುಂಚ ಹಿಡಿದು ಬಿಡಿಸಿದ್ದಲ್ಲ, ಕಂಪ್ಯೂಟರಿನಲ್ಲಿ ಬಿಡಿಸಿ ಅಚ್ಚು ತೆಗೆಸಿದ್ದು. ಬೆಳ್ಳಿಯ ಮೈ, ಪಕ್ಕದಲ್ಲಿ ತ್ರಿವರ್ಣದ ವರ್ತುಲ, ಹಿಂಭಾಗದಲ್ಲಿ ಒಂದು ನಂಬರು. ಕೆಳಗೆ, ‘ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಮಿಸ್ಟೇರ್ ವಿಮಾನ, 1965’ ಎಂಬ ಬರೆಹ.

ಹೋಗಿ ಬರುವವರೆಲ್ಲ ಮೆಚ್ಚಿ ಬೆನ್ನು ತಟ್ಟುತ್ತಿದ್ದರು. ನಾವೂ ನಮ್ಮ ಮನೆಯವರೂ ಪಕ್ಕದಲ್ಲಿ ನಿಂತು ಸಂತೋಷಪಡುತ್ತಿದ್ದೆವು. ಅಷ್ಟರಲ್ಲಿ ವಾಯುಸೇನೆಯ ತಾಂತ್ರಿಕ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯ ಸದಸ್ಯರೊಬ್ಬರು ಬಂದು, ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು.

“ತುಂಬಾ ಚೆನ್ನಾಗಿದೆ ಕಣಪ್ಪಾ. ಈ ನಂಬರು ಎಲ್ಲಿಂದ ಬಂತು?” ಎಂದು ಕೇಳಿದರು.

“ಬೇರೆ ಒಂದು ಚಿತ್ರದಲ್ಲಿತ್ತು, ಅಂಕಲ್.”

“ಅದನ್ನು ಬಿಡಿಸಿದವರಿಗೆ ಎಲ್ಲಿಂದ ಬಂತು?”

ಹುಡುಗ ನಮ್ಮ ಮುಖ ನೋಡಿದ. ನಾವು ಗೋಡೆ ನೋಡಿದೆವು. ಅವರು ಮತ್ತೇನೂ ಹೇಳದೆ ಹುಡುಗನ ತಲೆ ಸವರಿ ಮುಂದಕ್ಕೆ ಹೋದರು. ಆ ಪ್ರಶ್ನೆ ಮಾತ್ರ ನಮ್ಮೊಡನೆ ಮನೆಗೆ ಬಂದಿತು. ಅದಕ್ಕೆ ಉತ್ತರ ಹುಡುಕುತ್ತ ಹೊರಟ ನಮಗೆ ವಿಮಾನಗಳ ಚಿತ್ರಕ್ಕೂ ಒಂದು ಇತಿಹಾಸವಿರುವುದು ತಿಳಿಯಿತು. ಅದನ್ನೇ ವಾಚಕರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಪಕ್ಕದಿಂದಲೇ ಏಕೆ?

ವಿಮಾನವನ್ನು ನೇರವಾಗಿ ಪಕ್ಕದಿಂದ, ದೂರ ಹತ್ತಿರಗಳ ವ್ಯತ್ಯಾಸ ಕಾಣದಂತೆ, ಅಳತೆಗೆ ಸರಿಯಾಗಿ ಬಿಡಿಸಿದ ಚಿತ್ರಕ್ಕೆ ಈ ಹವ್ಯಾಸಿಗಳ ವಲಯದಲ್ಲಿ ‘ಪ್ರೊಫೈಲ್’ ಎಂದು ಹೆಸರು. ನಾವು ಪಾರ್ಶ್ವಚಿತ್ರವೆಂದು ಕರೆಯೋಣ. ಇದು ನಮ್ಮವರಿಗೆ ಹೊಸ ಸಂಗತಿಯೇನೂ ಅಲ್ಲ. ಹಳೇಬೀಡಿನ ದೇವಾಲಯದ ಬುಡದ ಪಟ್ಟಿಕೆಗಳಲ್ಲಿ ಸಾಲುಗಟ್ಟಿದ ಆನೆ ಕುದುರೆಗಳನ್ನು ಶಿಲ್ಪಿಗಳು ಪಕ್ಕದಿಂದಲೇ ಕಡೆದಿದ್ದಾರೆ. ತೊಗಲುಗೊಂಬೆಗಳಲ್ಲಿ ಎಷ್ಟೋ ಪಾತ್ರಗಳು ಪರದೆಯ ಮೇಲೆ ಪಕ್ಕದ ಮುಖ ತೋರಿಸಿಯೇ ಗುರುತು ಸಿಗುತ್ತವೆ. ಕುದುರೆಯನ್ನು ಎದುರಿನಿಂದ ಬಿಡಿಸಿದರೆ ಕತ್ತೆಯೋ ಕುದುರೆಯೋ ಎಂದು ಸಂಶಯವಾದೀತು. ಪಕ್ಕದಿಂದ ಬಿಡಿಸಿದರೆ ಸಂಶಯವಿಲ್ಲ.

ವಿಮಾನದ ಮಾತೂ ಹಾಗೆಯೇ. ಮೂತಿ, ಚಾಲಕ ಕೂರುವ ಗೂಡು, ಬೆನ್ನಿನ ಬಾಗು, ಬಾಲದ ಎತ್ತರ ಎಲ್ಲವೂ ಪಕ್ಕದಿಂದ ಒಮ್ಮೆಗೇ ಕಾಣುತ್ತವೆ. ದೇಶದ ಲಾಂಛನ, ದಳದ ಗುರುತು, ವಿಮಾನದ ನಂಬರು, ಕೆಲವೊಮ್ಮೆ ಚಾಲಕನ ಹೆಸರು ಸಹ ಸಾಮಾನ್ಯವಾಗಿ ಪಕ್ಕದಲ್ಲಿಯೇ ಇರುತ್ತವೆ. ಆದುದರಿಂದ ಇದು ಬರಿಯ ಚಿತ್ರವಲ್ಲ, ಒಂದು ಬಗೆಯ ದಾಖಲೆ. ‘ಈ ವಿಮಾನ, ಈ ದಿನ, ಈ ರೂಪದಲ್ಲಿತ್ತು’ ಎಂದು ಅದು ಹೇಳುತ್ತದೆ.

ಗುರುತು ತಪ್ಪಿದರೆ ಪ್ರಾಣ ಹೋಗುತ್ತಿತ್ತು

ಈ ಚಿತ್ರಗಳಿಗೆ ಬೆಲೆ ಬಂದದ್ದು ಯುದ್ಧಕಾಲದಲ್ಲಿ. ಎರಡನೆಯ ಮಹಾಯುದ್ಧ ಪ್ರಾರಂಭವಾದ ಕೆಲವೇ ದಿನಗಳಲ್ಲಿ, 1939ರ ಸೆಪ್ಟೆಂಬರ್ 6ರಂದು, ಇಂಗ್ಲೆಂಡಿನ ಆಕಾಶದಲ್ಲಿ ಬ್ರಿಟಿಷರ ಸ್ಪಿಟ್‌ಫೈರ್ ವಿಮಾನಗಳು ತಮ್ಮದೇ ಪಡೆಯ ಎರಡು ಹರಿಕೇನ್ ವಿಮಾನಗಳನ್ನು ಶತ್ರುಗಳೆಂದು ಭ್ರಮಿಸಿ ಹೊಡೆದುರುಳಿಸಿದವು. ಒಬ್ಬ ತರುಣ ಚಾಲಕ ಸತ್ತ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಜಪಾನೀಯರ ದಾಳಿ ಮುಗಿದ ರಾತ್ರಿ, ಇಳಿಯಲು ಬಂದ ಅಮೆರಿಕದ ವಿಮಾನಗಳ ಮೇಲೆ ಅಮೆರಿಕದ ಫಿರಂಗಿಗಳೇ ಗುಂಡು ಹಾರಿಸಿದವು. ಹೆದರಿದ ಕಣ್ಣಿಗೆ ಹಗ್ಗವೂ ಹಾವೇ.

ಇಂಥ ಅನಾಹುತಗಳನ್ನು ತಪ್ಪಿಸಲು ಸೈನಿಕರಿಗೂ ನಾಗರಿಕ ವೀಕ್ಷಕರಿಗೂ ವಿಮಾನಗಳನ್ನು ಗುರುತಿಸುವ ಪಾಠ ಹೇಳಿಕೊಡಬೇಕಾಯಿತು. ಪ್ರತಿಯೊಂದು ವಿಮಾನವನ್ನೂ ಪಕ್ಕದಿಂದ, ಎದುರಿನಿಂದ, ಕೆಳಗಿನಿಂದ ಕಂಡಂತೆ ಕಪ್ಪು ನೆರಳಾಗಿ ಅಚ್ಚು ಹಾಕಿದ ಚೀಟಿಗಳೂ ಭಿತ್ತಿಪತ್ರಗಳೂ ಬಂದವು. ಬ್ರಿಟನ್ನಿನಲ್ಲಿ ಇದಕ್ಕೆಂದೇ 1941ರಲ್ಲಿ ‘ದಿ ಏರೋಪ್ಲೇನ್ ಸ್ಪಾಟರ್’ ಎಂಬ ಪತ್ರಿಕೆ ಹೊರಟಿತು. ಶಾಲೆಯ ಹುಡುಗರು ಸಹ ಮೂತಿ ನೋಡಿ ವಿಮಾನದ ಹೆಸರು ಹೇಳುವಷ್ಟು ಪಳಗಿದರು.

ಆಕಾರದಂತೆಯೇ ಬಣ್ಣದಲ್ಲಿಯೂ ಎಚ್ಚರಿಕೆ ಬೇಕಾಯಿತು. ಜಪಾನಿನ ಲಾಂಛನ ಕೆಂಪು ಸೂರ್ಯ. ಅಮೆರಿಕದ ನಕ್ಷತ್ರದ ನಡುವೆ ಒಂದು ಕೆಂಪು ಬೊಟ್ಟಿತ್ತು. 1942ರಲ್ಲಿ ಅದನ್ನು ತೆಗೆದುಹಾಕಿದರು. ಬ್ರಿಟಿಷರ ವರ್ತುಲದ ನಟ್ಟನಡುವೆಯೂ ಕೆಂಪು. ನಮ್ಮ ಪೂರ್ವ ಗಡಿಯಲ್ಲಿ, ಬರ್ಮಾದ ದಿಕ್ಕಿನಲ್ಲಿ ಹಾರುತ್ತಿದ್ದ ವಿಮಾನಗಳಿಂದ ಆ ಕೆಂಪನ್ನೂ ಅಳಿಸಿ ಬರಿಯ ನೀಲಿಯ ಎರಡು ಛಾಯೆಗಳಲ್ಲಿ ವರ್ತುಲ ಬರೆದರು. ಭಾರತೀಯ ವಾಯುಸೇನೆಯ ತರುಣರೂ ಆ ನೀಲಿ ಗುರುತಿನ ವಿಮಾನಗಳಲ್ಲಿಯೇ ಕಾದಿದರು. ಸ್ವಾತಂತ್ರ್ಯ ಬಂದ ಮೇಲೆ ಕೆಲವು ಕಾಲ ಅಶೋಕ ಚಕ್ರ ಲಾಂಛನವಾಗಿತ್ತು. ಅದರ ನಂತರ ಬಂದದ್ದು ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಇರುವ ತ್ರಿವರ್ಣ ವರ್ತುಲ. ಹೀಗಾಗಿ ಒಂದು ವಿಮಾನದ ಲಾಂಛನ ನೋಡಿದರೆ ಅದರ ಕಾಲ ಹೇಳಬಹುದು. 1947ರ ಕಾಶ್ಮೀರ ಯುದ್ಧದ ಟೆಂಪೆಸ್ಟ್ ವಿಮಾನಕ್ಕೆ ಯಾರಾದರೂ ತ್ರಿವರ್ಣ ವರ್ತುಲ ಬರೆದರೆ, ಅದು ಟಿಪ್ಪು ಸುಲ್ತಾನನ ಕೈಗೆ ಗಡಿಯಾರ ಕಟ್ಟಿದಂತೆ.

ಕೈಗೆರೆಯ ಕಾಲ

ಯುದ್ಧ ಮುಗಿದ ಮೇಲೆ ಈ ವಿದ್ಯೆ ಹವ್ಯಾಸಿಗಳ ಕೈಗೆ ಬಂದಿತು. ಪ್ಲಾಸ್ಟಿಕ್ಕಿನ ಮಾದರಿ ವಿಮಾನಗಳನ್ನು ಜೋಡಿಸುವವರಿಗೆ ಬಣ್ಣ ಹಚ್ಚಲು ನಮೂನೆ ಬೇಕು. 1965ರಿಂದ ಇಂಗ್ಲೆಂಡಿನ ಪ್ರೊಫೈಲ್ ಪಬ್ಲಿಕೇಷನ್ಸ್ ಎಂಬ ಸಂಸ್ಥೆ ಒಂದೊಂದು ವಿಮಾನಕ್ಕೆ ಒಂದೊಂದು ತೆಳು ಪುಸ್ತಿಕೆಯಂತೆ ಹೊರತಂದ ಮಾಲೆಯಲ್ಲಿ ಬಣ್ಣದ ಪಾರ್ಶ್ವಚಿತ್ರಗಳೇ ಮುಖ್ಯ ಆಕರ್ಷಣೆ.

ಆ ಚಿತ್ರಗಳ ಹಿಂದಿನ ಶ್ರಮವನ್ನು ನೆನೆದರೆ ಕೈಮುಗಿಯಬೇಕೆನಿಸುತ್ತದೆ. ಮೊದಲು ನಕ್ಷೆಯಿಂದ ತೆಳು ಕಾಗದದ ಮೇಲೆ ರೂಪರೇಖೆ. ಅದನ್ನು ದಪ್ಪ ಹಲಗೆಗೆ ಇಳಿಸುವುದು. ಬಾಗುಗಳಿಗೆ ಮರದ ಅಥವಾ ಪ್ಲಾಸ್ಟಿಕ್ಕಿನ ವಕ್ರಪಟ್ಟಿ. ಒಂದು ಬಣ್ಣ ಹಚ್ಚುವಾಗ ಮಿಕ್ಕ ಭಾಗಕ್ಕೆ ತಾಗದಂತೆ ಅಂಟುಹಾಳೆ ಕತ್ತರಿಸಿ ಮುಚ್ಚುವುದು. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿನಿಂದ ದುಂಡುತನ ಬರಿಸುವುದು. ಕಟ್ಟಕಡೆಗೆ ಕೂದಲೆಳೆಯಂಥ ಕುಂಚದಲ್ಲಿ ಅಕ್ಷರ, ಅಂಕಿ. ಅದೇ ವಿಮಾನವನ್ನು ಮತ್ತೊಂದು ದಳದ ಬಣ್ಣದಲ್ಲಿ ತೋರಿಸಬೇಕಾದರೆ ಮತ್ತೆ ಮೊದಲಿನಿಂದ! ಹೀಗಿದ್ದುದರಿಂದ ಕಲಾವಿದನು ಕುಂಚ ಅದ್ದುವ ಮುನ್ನ ಸಾಕಷ್ಟು ವಿಚಾರಿಸಿಕೊಳ್ಳುತ್ತಿದ್ದ. ಶ್ರಮವೇ ಒಂದು ಬಗೆಯ ಕಡಿವಾಣ.

ಬಾಗುಗೆರೆಯ ಗಣಿತ

ಇನ್ನು ಕಂಪ್ಯೂಟರಿನ ಮಾತು. ಬಿ.ಎಸ್‌ಸಿ.ಯಲ್ಲಿ ಗಣಿತ ಓದಿ, ಬಳಿಕ ಇಪ್ಪತ್ತು ವರ್ಷ ಕಡತಗಳಲ್ಲಿ ಕೂಡುವ ಕಳೆಯುವ ಲೆಕ್ಕವನ್ನಷ್ಟೇ ಮಾಡಿದ ನಮಗೆ ಈ ಭಾಗ ಹಳೆಯ ಸ್ನೇಹಿತನನ್ನು ರೈಲಿನಲ್ಲಿ ಕಂಡಂತಾಯಿತು.

ನೇರಗೆರೆ ಎಳೆಯಲು ಎರಡು ಬಿಂದು ಸಾಕು. ಬಾಗುಗೆರೆಗೆ ಏನು ಮಾಡುವುದು? ಹಡಗು ಕಟ್ಟುವವರು ಉದ್ದನೆಯ ತೆಳು ಮರದ ಪಟ್ಟಿಯನ್ನು ನೆಲದ ಮೇಲೆ ಬಾಗಿಸಿ, ಅಲ್ಲಲ್ಲಿ ಸೀಸದ ಭಾರವಿಟ್ಟು ಹಿಡಿಸಿ, ಅದರ ಪಕ್ಕದಲ್ಲಿ ಗೆರೆ ಎಳೆಯುತ್ತಿದ್ದರು. ಆ ಭಾರಗಳ ಆಕಾರ ನೋಡಿ ಅವಕ್ಕೆ ಬಾತುಕೋಳಿಗಳೆಂದು ಹೆಸರು! ವಿಮಾನ ಕಟ್ಟುವವರೂ ಈ ಪದ್ಧತಿಯನ್ನೇ ಅನುಸರಿಸಿದರು. ಅಮೆರಿಕದ ನಾರ್ತ್ ಅಮೆರಿಕನ್ ಕಂಪನಿಯಲ್ಲಿ ರಾಯ್ ಲೈಮಿಂಗ್ ಎಂಬಾತ ಇದನ್ನು ಗಣಿತಕ್ಕೆ ತಿರುಗಿಸಿದ. ಪ್ರಸಿದ್ಧವಾದ ಮಸ್ಟಾಂಗ್ ಯುದ್ಧವಿಮಾನದ ಮೈಯ ಬಾಗುಗಳನ್ನು ಕಾಲೇಜಿನಲ್ಲಿ ನಾವೆಲ್ಲ ಓದಿದ ಶಂಕುಚ್ಛೇದಗಳ ಸಮೀಕರಣಗಳಿಂದ ನಿರ್ಣಯಿಸಿ, 1944ರಲ್ಲಿ ಅದರ ಮೇಲೆ ಪುಸ್ತಕವನ್ನೂ ಬರೆದ. ದೀರ್ಘವೃತ್ತ, ಪರವಲಯ ಎಂದು ಬಾಯಿಪಾಠ ಮಾಡುತ್ತಿದ್ದಾಗ ಅವು ಆಕಾಶದಲ್ಲಿ ಹಾರಿದ್ದವೆಂದು ನಮಗೆ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಮುಂದಿನ ಹೆಜ್ಜೆ ಫ್ರಾನ್ಸಿನ ಮೋಟಾರು ಕಾರ್ಖಾನೆಗಳಲ್ಲಿ. ಸಿಟ್ರೊಯೆನ್ ಕಂಪನಿಯ ಪಾಲ್ ದ ಕಾಸ್ತೆಲ್ಜೊ 1959ರಲ್ಲಿಯೇ ಒಂದು ಸುಲಭೋಪಾಯ ಕಂಡುಹಿಡಿದಿದ್ದರೂ ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೊ ಕಂಪನಿಯ ಪಿಯರ್ ಬೆಜಿಯೇ ಅಂಥದೇ ವಿಧಾನವನ್ನು ಅರವತ್ತರ ದಶಕದಲ್ಲಿ ಪ್ರಕಟಿಸಿದುದರಿಂದ ಅವನ ಹೆಸರೇ ನಿಂತಿತು. ಮೊದಲು ಕಂಡವನಿಗಿಂತ ಮೊದಲು ಬರೆದಿಟ್ಟವನಿಗೆ ಹೆಸರು. ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೆಜಿಯೇ ಗೆರೆಯನ್ನು ನಮ್ಮ ಹೆಣ್ಣುಮಕ್ಕಳು ಬೇಗ ಅರ್ಥಮಾಡಿಕೊಂಡಾರು. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಯನ್ನು ಮುಟ್ಟದೆ ಅದರ ಸುತ್ತ ಎಳೆ ಬಾಗಿಕೊಂಡು ಹೋಗುತ್ತದಲ್ಲವೇ? ಇಲ್ಲಿಯೂ ನಾಲ್ಕು ಚುಕ್ಕಿಗಳು. ಮೊದಲನೆಯದರಿಂದ ಗೆರೆ ಹೊರಟು ಕೊನೆಯದಕ್ಕೆ ಸೇರುತ್ತದೆ. ನಡುವಿನ ಎರಡು ಚುಕ್ಕಿಗಳು ಗೆರೆಯನ್ನು ತಮ್ಮ ಕಡೆಗೆ ಎಳೆಯುತ್ತವೆ, ಆದರೆ ಸಾಮಾನ್ಯವಾಗಿ ಗೆರೆ ಅವನ್ನು ಮುಟ್ಟುವುದಿಲ್ಲ. ಆ ಎರಡನ್ನು ಸರಿಸಿದರೆ ಬಾಗು ಬದಲಾಗುತ್ತದೆ. 1987ರಲ್ಲಿ ಅಡೋಬಿ ಕಂಪನಿ ಹೊರತಂದ ಇಲಸ್ಟ್ರೇಟರ್ ಎಂಬ ಚಿತ್ರದ ತಂತ್ರಾಂಶದ ಲೇಖನಿ ಕೆಲಸ ಮಾಡುವುದು ಈ ಗೆರೆಯಿಂದಲೇ. 1989ರಲ್ಲಿ ಕೋರೆಲ್ ಡ್ರಾ, 1990ರಲ್ಲಿ ಫೋಟೋಶಾಪ್ ಬಂದವು. 2003ರಲ್ಲಿ ಪ್ರಾರಂಭವಾದ ಇಂಕ್‌ಸ್ಕೇಪ್ ಎಂಬುದು ಎಲ್ಲರಿಗೂ ಉಚಿತ. ನಮ್ಮ ಮಗ ಉಪಯೋಗಿಸುವುದು ಅದನ್ನೇ. ಹೀಗೆ ಹಡಗು, ವಿಮಾನ, ಮೋಟಾರುಗಳ ಮೈಯನ್ನು ತಿದ್ದಲು ಹುಟ್ಟಿದ ವಿದ್ಯೆ ಊರೆಲ್ಲ ಸುತ್ತಿ ವಿಮಾನದ ಚಿತ್ರ ಬಿಡಿಸುವ ಹುಡುಗನ ಮೇಜಿಗೆ ಬಂದಿದೆ.

ಪದರದ ಮೇಲೆ ಪದರ

ಕೆಲಸ ನಡೆಯುವ ರೀತಿಯನ್ನು ಮಗನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತು ನಾವು ಕಲಿತೆವು. ಮೊದಲು ಅಳತೆ. ಮಿಸ್ಟೇರ್ ವಿಮಾನದ ಉದ್ದ ಸುಮಾರು 12.85 ಮೀಟರ್, ಎಂದರೆ 1,285 ಸೆಂಟಿಮೀಟರ್. ಒಂದು ಸೆಂಟಿಮೀಟರಿಗೆ ಪರದೆಯ ಎರಡು ಚುಕ್ಕಿಯಂತೆ ಹಿಡಿದರೆ ಚಿತ್ರದ ಉದ್ದ 2,570 ಚುಕ್ಕಿ. ಈ ಲೆಕ್ಕ ಒಮ್ಮೆ ನಿಂತರೆ ಚಕ್ರ, ಗಾಜು, ಬಾಲ ಎಲ್ಲವೂ ಅದಕ್ಕೆ ಅನುಸರಿಸಬೇಕು.

ಛಾಯಾಚಿತ್ರವನ್ನು ಕೆಳಗಿಟ್ಟು ಅದರ ಮೇಲೆ ಗೆರೆ ಎಳೆದರೆ ಮುಗಿಯಿತಲ್ಲ ಎಂದು ನಾವು ತಿಳಿದಿದ್ದೆವು. ಮುಗಿಯುವುದಿಲ್ಲ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಕ್ಯಾಮೆರಾದ ಎದುರಿಗಿರುವ ಭಾಗ ಹಿಗ್ಗಿ, ದೂರದ ತುದಿಗಳು ಕುಗ್ಗುತ್ತವೆ. ಆದುದರಿಂದ ಅಳತೆಯ ನಕ್ಷೆಯಿಂದ ಆಕಾರವನ್ನೂ ಛಾಯಾಚಿತ್ರದಿಂದ ವಿವರಗಳನ್ನೂ ತೆಗೆದುಕೊಳ್ಳಬೇಕು.

ಬಳಿಕ ಪದರಗಳು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಎಂದು ಭಾವಿಸಿರಿ. ಕೆಳಗಿನದರಲ್ಲಿ ಮೈಯ ಬಣ್ಣ. ಅದರ ಮೇಲೆ ನೆರಳು ಬೆಳಕು: ಬೆನ್ನು ಬೆಳಗಿ, ಹೊಟ್ಟೆಯ ಕಡೆ ಕ್ರಮೇಣ ಕಪ್ಪಾಗಿ, ಚಪ್ಪಟೆ ಕಾಗದದಲ್ಲಿ ದುಂಡುತನ ಕಾಣುವುದು ಇದರಿಂದ. ಇನ್ನೊಂದರಲ್ಲಿ ತಗಡುಗಳ ಸಂದು, ರಿವೆಟ್ಟುಗಳ ಸಾಲು. ಮತ್ತೊಂದರಲ್ಲಿ ಹೊಗೆಯ ಕರೆ, ಎಣ್ಣೆಯ ಕಲೆ. ಎಲ್ಲಕ್ಕೂ ಮೇಲೆ ಲಾಂಛನ, ನಂಬರು. ಎಲ್ಲಕ್ಕಿಂತ ಕಷ್ಟದ್ದು ಬಣ್ಣ ಹಚ್ಚದ ಬರಿ ಲೋಹದ ಮೈ. ಅದಕ್ಕೆ ಸ್ವಂತ ಬಣ್ಣವೇ ಇಲ್ಲ. ಮೇಲರ್ಧ ಆಕಾಶವನ್ನೂ ಕೆಳಗರ್ಧ ನೆಲವನ್ನೂ ಪ್ರತಿಬಿಂಬಿಸುತ್ತದೆ. ತೊಳೆದ ಸ್ಟೀಲಿನ ಚೊಂಬನ್ನು ಬಿಸಿಲಲ್ಲಿ ಹಿಡಿದು ನೋಡಿದರೆ ಇದು ತಿಳಿಯುತ್ತದೆ. ನಮ್ಮ ಮನೆಯಲ್ಲಿ ಈ ಪ್ರಯೋಗಕ್ಕಾಗಿ ಅಡಿಗೆಮನೆಯ ಚೊಂಬು ಎರಡು ದಿನ ಬಾಲ್ಕನಿಯಲ್ಲಿಯೇ ಇತ್ತು.

ಪದರಗಳ ಅನುಕೂಲವೆಂದರೆ, ಒಮ್ಮೆ ಮೈ ಸಿದ್ಧವಾದರೆ ಮೇಲಿನ ಹಾಳೆ ಬದಲಿಸಿದರೆ ಸಾಕು, ಇನ್ನೊಂದು ವಿಮಾನ ಸಿದ್ಧ. ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಈಗ ಒಂದು ಗಳಿಗೆಯದು. ಅಪಾಯವಿರುವುದೂ ಇಲ್ಲಿಯೇ. ಕಡಿವಾಣ ಕಳಚಿತು.

ನಕಲಿನ ನಕಲು

ಹಳೆಯ ವಿಮಾನಗಳ ಛಾಯಾಚಿತ್ರಗಳು ಬಹುಪಾಲು ಕಪ್ಪು ಬಿಳುಪು. ಅವುಗಳಿಂದ ಬಣ್ಣ ಹೇಳುವುದು ತೋರುವಷ್ಟು ಸುಲಭವಲ್ಲ. ಹಿಂದೆ ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಎಂಬ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಅದರಲ್ಲಿ ಕೆಂಪು ಕಪ್ಪಾಗಿಯೂ ಹಳದಿ ಗಾಢವಾಗಿಯೂ ನೀಲಿ ತೀರ ತಿಳಿಯಾಗಿಯೂ ಮೂಡುತ್ತವೆ. ಬ್ರಿಟಿಷ್ ವಿಮಾನದ ವರ್ತುಲದ ಹೊರಗಿನ ಹಳದಿ ಬಳೆ ಇಂಥ ಚಿತ್ರಗಳಲ್ಲಿ ಕಪ್ಪಗೆ ಕಾಣುವುದನ್ನು ನೋಡಿ ಮೋಸ ಹೋದವರಿದ್ದಾರೆ.

ಕಲಾವಿದನೊಬ್ಬ ಅಂದಾಜಿನಿಂದ ಒಂದು ಬಣ್ಣ ಹಚ್ಚುತ್ತಾನೆ. ಇನ್ನೊಬ್ಬ ಅದನ್ನು ನೋಡಿ ಬಿಡಿಸುತ್ತಾನೆ. ಮೂರನೆಯವನು ಇಬ್ಬರಲ್ಲಿಯೂ ಒಂದೇ ಬಣ್ಣವಿರುವುದನ್ನು ಕಂಡು, ‘ಇಬ್ಬರು ಸಾಕ್ಷಿಗಳಿದ್ದಾರೆ’ ಎನ್ನುತ್ತಾನೆ. ಅಂದಾಜು ಆಧಾರವಾಯಿತು! ಕಂಪ್ಯೂಟರಿನ ಚಿತ್ರ ಅಚ್ಚುಕಟ್ಟಾಗಿ ಇರುವುದರಿಂದ ನಂಬಿಕೆ ಇನ್ನೂ ಬೇಗ ಹುಟ್ಟುತ್ತದೆ. ತಪ್ಪು ಗೆರೆಯೂ ಅಲ್ಲಿ ನಯವಾಗಿಯೇ ಇರುತ್ತದೆ.

ಕೇಂದ್ರ ಸರ್ಕಾರದ ಗುಮಾಸ್ತರಾದ ನಮಗೆ ಇದು ಹೊಸದಾಗಿ ಕಾಣಬಾರದಿತ್ತು. ಕಚೇರಿಯಲ್ಲಿ ಯಾವ ಪ್ರತಿಯೂ ಮೂಲದೊಡನೆ ಹೋಲಿಸಿ ರುಜು ಬೀಳದ ಹೊರತು ಮುಂದಕ್ಕೆ ಹೋಗದು. ಒಮ್ಮೆ ಯಾರೋ ಒಬ್ಬರ ಜನ್ಮದಿನಾಂಕ ಒಂದು ಪ್ರತಿಯಲ್ಲಿ ತಪ್ಪಾಗಿ ಬಿದ್ದು, ಆ ಪ್ರತಿಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹರಿದು, ಅವರ ಪಿಂಚಣಿ ತಿಂಗಳುಗಟ್ಟಲೆ ನಿಂತದ್ದನ್ನು ನಾವೇ ನೋಡಿದ್ದೇವೆ. ಪಿಂಚಣಿಗೆ ಬೇಕಾದ ಎಚ್ಚರಿಕೆ ಒಬ್ಬ ವೀರನ ನೆನಪಿಗೆ ಬೇಡವೇ?

ದೇವಯ್ಯನವರ ಕಥೆ

ಆ ವೀರನ ಕಥೆಯೂ ಸಾಕ್ಷಿಯ ಕಥೆಯೇ ಆಗಿರುವುದು ವಿಶೇಷ. ದೇವಯ್ಯನವರು ಕೊಡಗಿನವರು. 1965ರ ಯುದ್ಧದಲ್ಲಿ ವಾಯುಸೇನೆಯ 1ನೆಯ ಸ್ಕ್ವಾಡ್ರನ್ ಪಂಜಾಬಿನ ಆದಂಪುರದಲ್ಲಿತ್ತು. ಸೆಪ್ಟೆಂಬರ್ 7ರ ಬೆಳಗಿನ ಜಾವ ಆ ದಳದ ಮಿಸ್ಟೇರ್ ವಿಮಾನಗಳು ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನಾಯಕತ್ವದಲ್ಲಿ ಪಾಕಿಸ್ತಾನದ ದೊಡ್ಡ ವಾಯುನೆಲೆಯಾದ ಸರ್ಗೋಧಾದ ಮೇಲೆ ದಾಳಿಗೆ ಹೊರಟವು. ದೇವಯ್ಯನವರ ಹೆಸರು ಮುಖ್ಯ ಪಟ್ಟಿಯಲ್ಲಿರಲಿಲ್ಲ. ಯಾರದಾದರೂ ವಿಮಾನ ಕೈಕೊಟ್ಟರೆ ಇರಲಿ ಎಂದು ಮೀಸಲಾಗಿದ್ದವರು. ಒಂದು ಸ್ಥಾನ ತೆರವಾಯಿತು, ಇವರು ಹೋದರು.

ದಾಳಿ ನಡೆಸಿ ಹಿಂತಿರುಗುವಾಗ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಬೆನ್ನಟ್ಟಿತು. ಆ ವಿಮಾನ ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲದು. ಮಿಸ್ಟೇರ್ ಸಮತಟ್ಟಾಗಿ ಹಾರುವಾಗ ಶಬ್ದದ ವೇಗವನ್ನೂ ಮುಟ್ಟಲಾರದು. ದೇವಯ್ಯನವರ ವಿಮಾನಕ್ಕೆ ಪೆಟ್ಟು ಬಿದ್ದಿತು. ಆದರೂ ಅವರು ಓಡದೆ ತಿರುಗಿ ನಿಂತು ಕಾದಿ, ಆ ಸ್ಟಾರ್‌ಫೈಟರನ್ನು ಹೊಡೆದು ಕೆಡವಿದರು. ಅದರ ಚಾಲಕ ಅಮ್ಜದ್ ಹುಸೇನ್ ಹೊರಕ್ಕೆ ಹಾರಿ ಬದುಕಿಕೊಂಡರು. ದೇವಯ್ಯನವರು ಹಿಂತಿರುಗಲಿಲ್ಲ.

ಆ ಕಾಳಗವನ್ನು ನಮ್ಮವರು ಯಾರೂ ಕಂಡಿರಲಿಲ್ಲ. ನಮ್ಮ ದಾಖಲೆಯಲ್ಲಿ ಅವರು ‘ಕಾಣೆಯಾದವರು’ ಅಷ್ಟೇ. ಹದಿನಾಲ್ಕು ವರ್ಷ ಹೀಗೆಯೇ ಕಳೆಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯ ಮಾಹಿತಿಯನ್ನು ಆಧರಿಸಿ ಆ ಯುದ್ಧದ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ, ಅಂದು ಒಂದು ಸ್ಟಾರ್‌ಫೈಟರ್ ಮಿಸ್ಟೇರಿನೊಡನೆ ಕಾದಿ ಬಿದ್ದ ಸಂಗತಿ ಹೊರಬಂದಿತು. ಆ ತಂಡದಲ್ಲಿ ಹಿಂತಿರುಗದೆ ಉಳಿದ ಮಿಸ್ಟೇರ್ ದೇವಯ್ಯನವರದೊಂದೇ. ಕೊನೆಗೆ 1988ರಲ್ಲಿ, ಎಂದರೆ 23 ವರ್ಷಗಳ ಬಳಿಕ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. 2025ರಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರಕ್ಕೂ ಇದೇ ಘಟನೆ ಪ್ರೇರಣೆ.

ಇದನ್ನು ಓದಿ ಮುಗಿಸಿದ ರಾತ್ರಿ ನಮ್ಮ ಮಗ ಒಂದು ಮಾತು ಹೇಳಿದ: “ಅಪ್ಪಾ, ಪ್ರೊಫೈಲ್‌ನಲ್ಲಿ ವಿಮಾನದ ಒಂದೇ ಪಕ್ಕ ಕಾಣುತ್ತೆ. ದೇವಯ್ಯನವರ ವಿಷಯದಲ್ಲೂ ನಮಗೆ ಒಂದೇ ಪಕ್ಕ ಕಂಡಿತ್ತು, ಅಲ್ವಾ?” ನಾವು ಹೌದೆಂದೆವು. ಇನ್ನೊಂದು ಪಕ್ಕವನ್ನು ತೋರಿಸಿದ್ದು ಎದುರಾಳಿಯ ದೇಶದಲ್ಲಿ ಉಳಿದಿದ್ದ ಸಾಕ್ಷಿ. ಯಾರೋ ಒಬ್ಬರು ಕೇಳಿದರು, ಯಾರೋ ಒಬ್ಬರು ಮುಚ್ಚಿಡದೆ ಹೇಳಿದರು, ಯಾರೋ ಒಬ್ಬರು ಬರೆದಿಟ್ಟರು. ಆ ಮೂವರಲ್ಲಿ ಒಬ್ಬರು ತಪ್ಪಿದ್ದರೂ ಕೊಡಗಿನ ಆ ಮನೆಗೆ ‘ಕಾಣೆ’ ಎಂಬ ಒಂದು ಪದವೇ ಗತಿಯಾಗುತ್ತಿತ್ತು.

ಮರಳಿ ಬಿಡಿಸಿದ್ದು

ಒಂದು ಭಾನುವಾರ ಮಗನನ್ನು ಕರೆದುಕೊಂಡು ಪಾಲಂನ ವಾಯುಸೇನಾ ಸಂಗ್ರಹಾಲಯಕ್ಕೆ ಹೋದೆವು. 1932ರಲ್ಲಿ ಸ್ಥಾಪನೆಯಾಗಿ 1933ರ ಏಪ್ರಿಲ್ 1ರಂದು ಮೊದಲ ವಿಮಾನ ತುಕಡಿ ಪಡೆದ ನಮ್ಮ ವಾಯುಸೇನೆಯ ಆರಂಭದ ವಾಪಿಟಿಯಿಂದ ಹಿಡಿದು ಎಷ್ಟೋ ವಿಮಾನಗಳು ಅಲ್ಲಿವೆ. ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ಹುಟ್ಟಿ 1961ರ ಜೂನ್ 17ರಂದು ಮೊದಲು ಹಾರಿದ ಮಾರುತ್ ಅನ್ನು ಕಂಡಾಗ ನಮ್ಮ ಎದೆ ಸ್ವಲ್ಪ ಉಬ್ಬಿತೆಂದು ಒಪ್ಪಿಕೊಳ್ಳುತ್ತೇವೆ. ಮಗ ಮಾತ್ರ ಮಿಸ್ಟೇರಿನ ಮುಂದೆ ನಿಂತವನು ಕದಲಲಿಲ್ಲ. ಮೂತಿಯ ಬಾಯಿ ತಾನು ಬಿಡಿಸಿದಷ್ಟು ದುಂಡಗಿಲ್ಲವೆಂದೂ ಬೆನ್ನಿನ ಬಾಗು ಬೇರೆಯೆಂದೂ ಟಿಪ್ಪಣಿ ಮಾಡಿಕೊಂಡ. ಬಣ್ಣವನ್ನೂ ಬರೆದುಕೊಳ್ಳೆಂದು ನಾವು ಹೇಳಿದೆವು. “ಸಂಗ್ರಹಾಲಯದಲ್ಲಿ ಮತ್ತೆ ಮತ್ತೆ ಬಣ್ಣ ಬಳಿದಿರ್ತಾರೆ ಅಪ್ಪಾ. ಆಕಾರ ನಂಬಬಹುದು, ಬಣ್ಣ ನಂಬೋ ಹಾಗಿಲ್ಲ” ಎಂದ. ಗುಮಾಸ್ತನ ಮಗನೆಂದು ಅನಿಸಿತು.

ಮನೆಗೆ ಬಂದು ಚಿತ್ರವನ್ನು ಮೊದಲಿನಿಂದ ಬಿಡಿಸಿದ. ಆಕಾರಕ್ಕೆ ಯಾವ ನಕ್ಷೆ, ವಿವರಗಳಿಗೆ ಯಾವ ಛಾಯಾಚಿತ್ರ ಎಂಬುದನ್ನು ಕೆಳಗೆ ಸಣ್ಣ ಅಕ್ಷರಗಳಲ್ಲಿ ಬರೆದ. ಕಡೆಗೆ ನಂಬರಿನ ಪದರಕ್ಕೆ ಬಂದಾಗ ಕೈ ನಿಂತಿತು. ನಮ್ಮ ಮನೆಯಲ್ಲಿ ಅದಕ್ಕೆ ಆಧಾರವಾಗಿ ಇದ್ದದ್ದು ಮತ್ತೊಬ್ಬರ ಚಿತ್ರವೊಂದೇ. ಆ ಪದರವನ್ನು ತೆಗೆದುಹಾಕಿ, ‘1ನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ಮಾದರಿ, ದೇವಯ್ಯನವರು ಇಂಥ ವಿಮಾನದಲ್ಲಿ ಹಾರಿದರು’ ಎಂದು ತಲೆಬರೆಹ ತಿದ್ದಿದ.

ಯುಗಾದಿಯ ಕೂಟದಲ್ಲಿ ಆ ಹಿರಿಯರಿಗೆ ಅದನ್ನು ತೋರಿಸಿದೆವು. ಅವರು ಕನ್ನಡಕ ಏರಿಸಿ ಹಿಂಭಾಗದ ಖಾಲಿ ಜಾಗವನ್ನೇ ನೋಡಿ, “ಈಗ ಸರಿಯಾಯಿತು ಕಣಪ್ಪಾ” ಎಂದರು. ಹೋದ ಸಲ ಸಿಕ್ಕ ಬಹುಮಾನಕ್ಕಿಂತ ಈ ಮಾತು ಮಗನಿಗೆ ಹೆಚ್ಚಾಯಿತು.

ಊರು ಬಿಟ್ಟು ಬಂದ ನಮ್ಮಂಥ ಕುಟುಂಬಗಳಲ್ಲಿ ಹಳೆಯ ಪೆಟ್ಟಿಗೆಗಳಿವೆ. ಅವುಗಳಲ್ಲಿ ಸಮವಸ್ತ್ರ ತೊಟ್ಟ ಅಜ್ಜನ ಚಿತ್ರವೋ ಕಾರ್ಖಾನೆಯ ಮುಂದೆ ಸಾಲಾಗಿ ನಿಂತ ದೊಡ್ಡಪ್ಪನ ಚಿತ್ರವೋ ಇದ್ದೇ ಇರುತ್ತದೆ. ಇವರು ಯಾರು, ಯಾವ ಊರು, ಯಾವ ವರ್ಷ ಎಂದು ಹೇಳಬಲ್ಲವರು ಮನೆಯಲ್ಲಿ ಇನ್ನೂ ಒಬ್ಬಿಬ್ಬರಿದ್ದಾರೆ. ಮುಂದೆ ನಮ್ಮ ಮಕ್ಕಳು ಆ ಚಿತ್ರಗಳಿಗೂ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿಯಾರು, ಹಚ್ಚಲಿ, ಸಂತೋಷ. ಅದಕ್ಕೆ ಮೊದಲು, ಈ ಭಾನುವಾರವೇ, ಹಿರಿಯರನ್ನು ಕೂರಿಸಿಕೊಂಡು ಕೇಳಿ, ಪ್ರತಿಯೊಂದು ಚಿತ್ರದ ಹಿಂಬದಿಯಲ್ಲಿಯೂ ಪೆನ್ಸಿಲಿನಿಂದ ಮೆಲ್ಲಗೆ ಎರಡು ಸಾಲು ಬರೆದಿಡಿರಿ. ಚಿತ್ರಕ್ಕೂ ಎರಡು ಪಕ್ಕವುಂಟು.